ಸಾಲ್ಮನ್ ಮೈಮೇಲಿನ ಬಿಳಿ ಮಚ್ಚೆ



ಸಿಯಾಟಲ್ ಹತ್ತಿರದ ಇಸಾಕ್ವಾ ಊರಿನಲ್ಲಿ 1936ರಲ್ಲಿ ಕಟ್ಟಿದ ಸಾಲ್ಮನ್ ಹ್ಯಾಚರಿ ಇದೆ. ಶರತ್ಕಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋದವರು ಗಮನಿಸಿರಬಹುದು: ಹೊಳೆ ಏರಿ ಬಂದ ದೊಡ್ಡ ಮೀನುಗಳ ಮೈಮೇಲೆ ಬೂಷ್ಟು ಹಿಡಿದಂಥ ಬಿಳಿ ಮಚ್ಚೆಗಳು. "ಅಪ್ಪಾ, ಇದಕ್ಕೆ ಹುಷಾರಿಲ್ವಾ?" ಎಂದು ಮಕ್ಕಳು ಕೇಳಿದರೆ ಏನು ಹೇಳುವುದು?

ನಿಜ, ಹುಷಾರಿಲ್ಲ. ಇಲ್ಲಿನ ಚಿನೂಕ್, ಕೋಹೊ ಸಾಲ್ಮನ್ನುಗಳು ಮೊಟ್ಟೆಯಿಡಲು ಸಮುದ್ರ ಬಿಟ್ಟು ಸಿಹಿನೀರಿಗೆ ಬಂದ ಮೇಲೆ ಆಹಾರ ತಿನ್ನುವುದನ್ನೇ ನಿಲ್ಲಿಸುತ್ತವೆ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಬಂಡವಾಳ. ಅದರಲ್ಲೇ ಪ್ರವಾಹಕ್ಕೆ ಎದುರಾಗಿ ಈಜಬೇಕು, ಮೊಟ್ಟೆಯನ್ನೂ ಬಲಿಯಿಸಬೇಕು. ಈ ಹೊತ್ತಿನಲ್ಲಿ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಬಹಳ ಏರುತ್ತದೆ. ಕೂಡಿಟ್ಟ ಶಕ್ತಿಯನ್ನು ಅದು ಹೊರತೆಗೆದು ಕೊಡುತ್ತದೆ, ಆದರೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಆಗ ನೀರಿನಲ್ಲಿ ಸದಾ ಇರುವ ಸಾಪ್ರೋಲೆಗ್ನಿಯಾ ಎಂಬ ಬೂಷ್ಟಿನಂಥ ಜೀವಿ ಮೈಗೆ ಹತ್ತುತ್ತದೆ. ಬಿಳಿ ಮಚ್ಚೆ ಅದೇ.

ಇದರ ಜೊತೆಗೆ ನೀರಿನ ತಾಪಮಾನದ ಆಟವೂ ಇದೆ. ನಮ್ಮ ಮೈಯಂತೆ ಮೀನಿನ ಮೈ ಒಂದೇ ಬಿಸಿಯಲ್ಲಿ ಇರುವುದಿಲ್ಲ, ನೀರಿನೊಂದಿಗೆ ಏರಿಳಿಯುತ್ತದೆ. ನೀರು ತೀರಾ ತಣ್ಣಗಾದರೆ ಪ್ರತಿಕಾಯಗಳ ತಯಾರಿ ನಿಧಾನವಾಗುತ್ತದೆ. ಆದರೆ ಹಲವು ರೋಗಾಣುಗಳೂ ಆಗ ಮಂಕಾಗುತ್ತವೆ. ನೀರು ಅತಿಯಾಗಿ ಬೆಚ್ಚಗಾದರೆ ರೋಗಾಣುಗಳು ಬೇಗ ಹೆಚ್ಚುತ್ತವೆ, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಮೊದಲೇ ಬಸವಳಿದ ಮೀನಿಗೆ ಇದನ್ನು ತಡೆಯಲಾಗುವುದಿಲ್ಲ.

ಹೀಗೆ ಆದದ್ದು 2002ರ ಸೆಪ್ಟೆಂಬರಿನಲ್ಲಿ, ಉತ್ತರ ಕ್ಯಾಲಿಫೋರ್ನಿಯಾದ ಕ್ಲಾಮತ್ ನದಿಯಲ್ಲಿ. ಹರಿವು ಕಡಿಮೆ, ನೀರು ಬೆಚ್ಚಗೆ. ಮೊಟ್ಟೆಯಿಡಲು ಬಂದ ಸಾಲ್ಮನ್ನುಗಳು ಮುಂದೆ ಹೋಗದೆ ನದಿಯ ಕೆಳಭಾಗದಲ್ಲೇ ಗುಂಪುಗೂಡಿದವು. 'ಇಕ್' ಎಂಬ ಪರೋಪಜೀವಿ ಮತ್ತು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗ ಕಿವಿರುಗಳಿಗೆ ತಗುಲಿ 30 ಸಾವಿರಕ್ಕೂ ಹೆಚ್ಚು ಮೀನುಗಳು ಸತ್ತವು. ಈ ಮೀನುಗಳನ್ನೇ ನಂಬಿದ ಯೂರೋಕ್ ಬುಡಕಟ್ಟಿನ ಜನರಿಗೆ ಅದು ದೊಡ್ಡ ಪೆಟ್ಟು. ಅಣೆಕಟ್ಟುಗಳನ್ನು ತೆಗೆಯಬೇಕೆಂಬ ಅವರ ಹೋರಾಟ ಫಲಿಸಿ, 2024ರ ವೇಳೆಗೆ ನಾಲ್ಕು ಅಣೆಕಟ್ಟುಗಳು ಹೋದವು. ಅದೇ ಅಕ್ಟೋಬರಿನಲ್ಲಿ ಅವುಗಳಾಚೆಗೆ ಚಿನೂಕ್ ಮೀನುಗಳು ಕಾಣಿಸಿಕೊಂಡವು.

ಮೊಟ್ಟೆಯಿಟ್ಟ ಮೇಲೆ ಈ ಮೀನು ಸಾಯುವುದು ಪ್ರಕೃತಿಯ ನಿಯಮ. ಇಡುವ ಮೊದಲೇ ಸತ್ತರೆ ಒಂದು ತಲೆಮಾರೇ ಹೋದಂತೆ. ಮುಂದಿನ ಸಲ ಮಕ್ಕಳು ಆ ಬಿಳಿ ಮಚ್ಚೆ ತೋರಿಸಿದರೆ ಹೀಗೆ ಹೇಳಬಹುದು: "ಪುಟ್ಟಾ, ತನ್ನನ್ನು ಕಾಪಾಡಿಕೊಳ್ಳೋ ಶಕ್ತೀನೂ ಅದು ಮರಿಗಳಿಗೋಸ್ಕರ ಖರ್ಚು ಮಾಡಿದೆ."