ತಾಂಡಾದವರ ಹೆಸರು, ನಾವಿಟ್ಟ ಹೆಸರು

ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ತಾಂಡಾಗಳಲ್ಲಿ ಬದುಕುವವರನ್ನು ಕನ್ನಡಿಗರು ಲಮಾಣಿ, ಲಂಬಾಣಿ ಎನ್ನುತ್ತಾರೆ. ಮರಾಠಿಗರು ಬಂಜಾರಾ, ತೆಲುಗರು ಲಂಬಾಡಿ, ಸುಗಾಲಿ ಎನ್ನುತ್ತಾರೆ. ತಮ್ಮೊಳಗೆ ಮಾತ್ರ ಅವರು ಗೋರ್, ಗೋರ್‌ಮಾಟಿ. ಉಳಿದವರೆಲ್ಲ ಅವರ ಪಾಲಿಗೆ ಕೋರ್. ನೆರೆಯವರಿಟ್ಟ ಹೆಸರೇ ದಾಖಲೆ ಸೇರಿ ಗಟ್ಟಿಯಾಗುವುದು ಇಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದಲ್ಲಿ ತಮ್ಮನ್ನು ಲಕೋಟಾ, ಡಕೋಟಾ, ಅಂದರೆ ಗೆಳೆಯರು ಎಂದು ಕರೆದುಕೊಳ್ಳುವ ಜನ ಜಗತ್ತಿಗೆ ಗೊತ್ತಿರುವುದು ಸೂ ಎಂದೇ. ನೆರೆಯ ಒಜಿಬ್ವೆಗಳು ಅವರಿಗಿಟ್ಟಿದ್ದ ಉದ್ದನೆಯ ಹೆಸರಿಗೆ ಫ್ರೆಂಚರು ತಮ್ಮ ಬಹುವಚನ ಸೇರಿಸಿದರು. ಆ ಪದದ ತುದಿಯಷ್ಟೇ ಈಗ ಉಳಿದಿದೆ. ಅದರ ಅರ್ಥ ಸಣ್ಣ ಹಾವು ಎಂಬ ಮಾತು ಪ್ರಸಿದ್ಧ. ಬೇರೆ ನುಡಿ ಆಡುವವರು ಎಂಬುದೇ ಮೂಲ ಎನ್ನುವ ಭಾಷಾವಿಜ್ಞಾನಿಗಳೂ ಇದ್ದಾರೆ.

ಲಂಬಾಣಿ ಪದದ ಬಗ್ಗೆಯೂ ಹೀಗೆಯೇ ವಾದವಿದೆ. ಎತ್ತುಗಳ ಉದ್ದನೆಯ ಸಾಲು ನೋಡಿ 'ಲಂಬ'ದಿಂದ ಬಂತೆಂದು ಕೆಲವರು, 'ಲವಣ'ದಿಂದ ಎಂದು ಹಲವರು. ಲವಣದ ವಕಾರ ಮಕಾರವಾದೀತೇ ಎಂಬ ಆಕ್ಷೇಪವಿದೆ. ಕುಮಾರ ಕುವರನಾದ, ಶ್ರಮಣ ಸವಣನಾದ. ಇಲ್ಲಿ ಮಕಾರವೇ ವಕಾರವಾಗಿದೆ, ದಿಕ್ಕು ತಿರುಗುಮುರುಗು; ಆದರೂ ಈ ಎರಡು ಅಕ್ಷರಗಳ ನಡುವಿನ ನಂಟು ಹಳೆಯದು. ಅದಕ್ಕಿಂತ ಬಲವಾದ ಸಾಕ್ಷಿ ಕಸುಬಿನದು. ಕರಾವಳಿಯ ಉಪ್ಪನ್ನು ದಖ್ಖನಿನ ಒಳನಾಡಿಗೂ ಒಳನಾಡಿನ ಧಾನ್ಯವನ್ನು ಹೊರಗೂ ಎತ್ತಿನ ಮೇಲೆ ಹೇರಿ ಸಾಗಿಸಿದವರು ಇವರು. ಮೊಘಲರ ಸೈನ್ಯಕ್ಕೆ, ಟಿಪ್ಪುವಿನ ಮೇಲೆ ಏರಿಬಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ದವಸ ಒದಗಿಸಿದವರೂ ಇವರೇ. ಹಾಗಾಗಿ ಉಪ್ಪಿನ ಮೂಲವೇ ನನಗೆ ಒಪ್ಪಿಗೆ. ಮುಂದೆ ರೈಲು ಬಂದು ಆ ಕಸುಬನ್ನು ಮುಗಿಸಿತು. ಕಸುಬು ಹೋದರೂ ಅದರ ಹೆಸರು ಜನರಿಗೆ ಅಂಟಿಕೊಂಡಿತು.

1956ರಲ್ಲಿ ನಿಜಾಮರ ಹಳೆಯ ರಾಜ್ಯ ಮೂರು ಪಾಲಾದಾಗ ಈ ಜನವೂ ಹಂಚಿಹೋದರು. ಇಂದು ಲೋಹಾರಾದ ಬಂಜಾರಾ ಮಹಾರಾಷ್ಟ್ರದ ಪಟ್ಟಿಯಲ್ಲಿ ವಿಮುಕ್ತ ಜಾತಿ. ಗಡಿ ದಾಟಿದರೆ ಆಳಂದದ ಲಂಬಾಣಿ ಪರಿಶಿಷ್ಟ ಜಾತಿ. ತೆಲಂಗಾಣದ ಲಂಬಾಡಿ ಪರಿಶಿಷ್ಟ ಪಂಗಡ. ಗೋರ್ ಎಂದು ಒಂದಾಗಿರುವವರು ಹೊರಗಿನವರ ಹೆಸರುಗಳಲ್ಲಿ ಮೂರಾಗಿದ್ದಾರೆ.

ಬಂಜಾರಾ, ಲಂಬಾಣಿ ಎಂದು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರಲ್ಲ ಎಂದು ಕೇಳಬಹುದು. ನಿಜವೇ. ಹಕ್ಕುಗಳು ಆ ಹೆಸರಿನಲ್ಲಿಯೇ ಇವೆ. ಅಮೆರಿಕದ ಲಕೋಟಾ, ಡಕೋಟಾ ಜನವೂ ಅಲ್ಲಿನ ಸರ್ಕಾರದೊಡನೆ ಮಾಡಿಕೊಂಡ 1868ರ ಒಪ್ಪಂದದಲ್ಲಿರುವ ಸೂ ಹೆಸರನ್ನು ಬಿಟ್ಟುಕೊಟ್ಟಿಲ್ಲ. ಕಳೆದುಕೊಂಡ ಬ್ಲ್ಯಾಕ್ ಹಿಲ್ಸ್ ನೆಲದ ಪರಿಹಾರಕ್ಕಾಗಿ 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದೂ ಅದೇ ಹೆಸರಿನಲ್ಲಿ. ಆದ್ದರಿಂದ ಹಳೆಯ ಹೆಸರನ್ನು ಅಳಿಸಬೇಕೆಂದು ನಾನು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ತಾಂಡಾದವರ ಸ್ವಂತ ಹೆಸರಿಗೂ ಜಾಗ ಬೇಕು. ಇಂದಿಗೂ ಜನಗಣತಿ ಅವರ ನುಡಿಯಾದ ಗೋರ್‌ಬೋಲಿಯನ್ನು ಲಮಾಣಿ, ಬಂಜಾರಿ ಎಂದು ಬರೆದು ಹಿಂದಿಯ ಕೆಳಗೆ ಸೇರಿಸುತ್ತದೆ. ಮುಂದಿನ ಗಣತಿಯಾದರೂ ಆ ನುಡಿಯನ್ನು ಬೇರೆಯಾಗಿ, ಅದರ ಹೆಸರಿನಲ್ಲಿಯೇ ಎಣಿಸಲಿ.