ಫ್ಲ್ಯಾಟ್ ವೈಟ್: ಯಂತ್ರಕ್ಕಿಂತ ಬೀಜ ಮುಖ್ಯ

ಕಾಫಿಯ ವಿಷಯದಲ್ಲಿ ತನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ಕರ್ನಾಟಕದ ಮಧ್ಯಮ ವರ್ಗದ ಗಟ್ಟಿ ನಂಬಿಕೆ. ಬಾಬಾಬುಡನ್‌ಗಿರಿಯ ಏಳು ಬೀಜಗಳ ಕಥೆ ನಮ್ಮದು. ದೇಶದ ಕಾಫಿ ಬೆಳೆಯಲ್ಲಿ ಸುಮಾರು ಶೇ 70ರಷ್ಟು ನಮ್ಮ ರಾಜ್ಯದ್ದೇ. ಹೀಗಿರುವಾಗ ಬೆಂಗಳೂರಿನ ಕೆಫೆಗಳ ದರಪಟ್ಟಿಯಲ್ಲಿ ಕಾಣುವ ‘ಫ್ಲ್ಯಾಟ್ ವೈಟ್’ ಎಂಬ ಹೆಸರು ಹಲವರಲ್ಲಿ ತಾತ್ಸಾರ ಹುಟ್ಟಿಸಿದರೆ ಆಶ್ಚರ್ಯವಿಲ್ಲ. ಹಾಲು, ಕಾಫಿ ಎರಡೇ ಇರುವ ಪೇಯಕ್ಕೆ ಇಷ್ಟು ಆಡಂಬರವೇಕೆ ಎಂಬ ಪ್ರಶ್ನೆಯೂ ಸಹಜ. ಆದರೆ ಅದನ್ನು ಮನೆಯಲ್ಲಿ ಮಾಡಲು ಹೊರಟವರಿಗೆ ಬೇರೊಂದು ಸಂಗತಿ ಎದುರಾಗುತ್ತದೆ: ನಾವು ನಿತ್ಯ ಕುಡಿಯುವ ಪುಡಿಯೊಳಗೆ ಏನಿದೆ ಎಂಬುದು ನಮಗೇ ಸರಿಯಾಗಿ ತಿಳಿದಿಲ್ಲ.

ಫ್ಲ್ಯಾಟ್ ವೈಟ್ ಹುಟ್ಟಿದ್ದು 1980ರ ದಶಕದಲ್ಲಿ. ಎಲ್ಲಿ ಎಂಬ ಬಗ್ಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ನಡುವೆ ಇಂದಿಗೂ ವಾದವಿದೆ. 1985ರಲ್ಲಿ ಸಿಡ್ನಿಯ ತನ್ನ ಕೆಫೆಯಲ್ಲಿ ಈ ಹೆಸರನ್ನು ದರಪಟ್ಟಿಗೆ ಸೇರಿಸಿದೆ ಎಂದು ಅಲನ್ ಪ್ರೆಸ್ಟನ್ ಹೇಳಿದರೆ, 1989ರಲ್ಲಿ ವೆಲಿಂಗ್ಟನ್ನಿನಲ್ಲಿ ಹಾಲು ಸರಿಯಾಗಿ ನೊರೆಯೇಳದೆ ಕೆಟ್ಟ ಕ್ಯಾಪುಚಿನೊದಿಂದಲೇ ಅದು ಜನಿಸಿತೆಂದು ಫ್ರೇಸರ್ ಮೆಕಿನ್ನೆಸ್ ಹೇಳುತ್ತಾರೆ. ಎರಡನೆಯ ಮಹಾಯುದ್ಧದ ನಂತರ ಅಲ್ಲಿಗೆ ವಲಸೆ ಹೋದ ಇಟಲಿಯವರು ಎಸ್ಪ್ರೆಸೊ ಸಂಸ್ಕೃತಿಯನ್ನು ಜೊತೆಗೊಯ್ದಿದ್ದರು. ಅದರ ಮೇಲೆ ಬೆಳೆದ ಸ್ಥಳೀಯ ರುಚಿಯಿದು. ಕ್ಯಾಪುಚಿನೊದಲ್ಲಿ ನೊರೆ ಗುಡ್ಡೆಯಾಗಿ ನಿಲ್ಲುತ್ತದೆ. ಲಾಟೆಯಲ್ಲಿ ಹಾಲಿನದೇ ಮೇಲುಗೈ. ಫ್ಲ್ಯಾಟ್ ವೈಟ್‌ನಲ್ಲಿ ನೊರೆ ತೆಳುವಾಗಿ, ಸಮತಟ್ಟಾಗಿರುತ್ತದೆ. ಹಾಲು ಕಡಿಮೆ, ಕಾಫಿಯ ಸ್ವಾದವೇ ಮುಂದೆ. 2015ರಲ್ಲಿ ಸ್ಟಾರ್‌ಬಕ್ಸ್ ಇದನ್ನು ಅಮೆರಿಕದ ಮಳಿಗೆಗಳಿಗೆ ತಂದ ಬಳಿಕ ಹೆಸರು ಎಲ್ಲೆಡೆ ಹಬ್ಬಿತು.

ಮಾಡುವ ಕ್ರಮ ಕಷ್ಟವೇನಲ್ಲ. ಸುಮಾರು 18 ಗ್ರಾಂ ನುಣ್ಣನೆಯ ಪುಡಿಯ ಮೂಲಕ 9 ಬಾರ್ ಒತ್ತಡದಲ್ಲಿ ಬಿಸಿನೀರು ಹಾಯಿಸಿದರೆ 25–30 ಸೆಕೆಂಡಿನಲ್ಲಿ 36–40 ಮಿಲಿಲೀಟರ್ ಎಸ್ಪ್ರೆಸೊ ಇಳಿಯುತ್ತದೆ. ಅದಕ್ಕೆ ಸುಮಾರು 120 ಮಿಲಿಲೀಟರ್ ಹಾಲು. ನಿಜವಾದ ಕೌಶಲ ಬೇಕಿರುವುದು ಈ ಹಾಲಿನಲ್ಲಿಯೇ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಹಾಲಿಗೆ ಹಬೆಯ ಕೊಳವೆಯ ತುದಿಯನ್ನು ಮೇಲ್ಮೈಗೆ ತಾಗಿದಂತೆ ಹಿಡಿದು ಮೂರು–ನಾಲ್ಕು ಸೆಕೆಂಡು ಗಾಳಿ ಸೇರಿಸಬೇಕು. ನಂತರ ತುದಿಯನ್ನು ತುಸು ಮುಳುಗಿಸಿ ಹಾಲನ್ನು ಸುಳಿಯಂತೆ ತಿರುಗಿಸಬೇಕು. ಗುಳ್ಳೆಗಳು ಕಣ್ಣಿಗೆ ಕಾಣಬಾರದು, ಹಾಲಿನ ಮೈ ರೇಷ್ಮೆಯಂತೆ ಹೊಳೆಯಬೇಕು. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲಿಸಬೇಕು. 70 ದಾಟಿದರೆ ಬೆಂದ ಹಾಲಿನ ವಾಸನೆ ಕಾಫಿಯನ್ನು ಮುಚ್ಚಿಬಿಡುತ್ತದೆ.

ನಮ್ಮ ಅಡುಗೆಮನೆಯ ರೂಢಿಗೆ ಇದು ವಿರುದ್ಧ. ಹಾಲು ಉಕ್ಕದ ಹೊರತು ನಮಗೆ ಸಮಾಧಾನವಿಲ್ಲ. ಪ್ಯಾಕೆಟ್ ಹಾಲು ಪಾಶ್ಚರೀಕರಣಗೊಂಡೇ ಬರುವುದರಿಂದ, ತಂಪಾಗಿ ಇಟ್ಟಿದ್ದರೆ ಮತ್ತೊಮ್ಮೆ ಕುದಿಸಲೇಬೇಕೆಂದಿಲ್ಲ. ಶೇ 3ರಷ್ಟು ಕೊಬ್ಬಿರುವ ಟೋನ್ಡ್ ಹಾಲೂ ನೊರೆಯೇಳುತ್ತದೆ; ಶೇ 4.5ರ ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಮೈತುಂಬಿದ ರುಚಿ ದೊರೆಯುತ್ತದೆ.

ಯಂತ್ರವಿಲ್ಲದವರು ನಿರಾಶರಾಗಬೇಕಿಲ್ಲ. 1933ರಲ್ಲಿ ಇಟಲಿಯಲ್ಲಿ ರೂಪುಗೊಂಡ ಮೋಕಾ ಪಾತ್ರೆ ಒಲೆಯ ಮೇಲೆಯೇ ಗಾಢವಾದ ಕಾಫಿ ಇಳಿಸುತ್ತದೆ. ಹಾಲನ್ನು 60 ಡಿಗ್ರಿಗೆ ಬಿಸಿ ಮಾಡಿ, ಫ್ರೆಂಚ್ ಪ್ರೆಸ್‌ನಲ್ಲಿ ಸುರಿದು ಅದರ ಜಾಲರಿಯನ್ನು ಇಪ್ಪತ್ತು–ಮೂವತ್ತು ಬಾರಿ ಮೇಲೆ ಕೆಳಗೆ ಆಡಿಸಿದರೆ ಒಳ್ಳೆಯ ನೊರೆಯೇ ಬರುತ್ತದೆ. ಒತ್ತಡ ಕಡಿಮೆಯಾದ್ದರಿಂದ ಇದು ಅಪ್ಪಟ ಎಸ್ಪ್ರೆಸೊ ಆಗದು. ಆದರೆ ಸಾವಿರಾರು ರೂಪಾಯಿಯ ಯಂತ್ರದಲ್ಲಿ ಹಳೆಯ ಪುಡಿ ಹಾಕಿ ಮಾಡಿದ್ದಕ್ಕಿಂತ ಖಂಡಿತ ಮೇಲು.

ಇಷ್ಟಕ್ಕೂ ಮುಖ್ಯ ಪ್ರಶ್ನೆ ಪುಡಿಯದೇ. ಹುರಿದ ಬೀಜದಲ್ಲಿ ಉಳಿದ ಇಂಗಾಲದ ಡೈಆಕ್ಸೈಡ್ ದಿನಕಳೆದಂತೆ ಹೊರಬೀಳುತ್ತದೆ, ಜೊತೆಗೆ ಪರಿಮಳವೂ ಹೋಗುತ್ತದೆ. ಎಸ್ಪ್ರೆಸೊ ಮೇಲಿನ ಕಂದು ಕೆನೆ ಹುಟ್ಟುವುದು ಈ ಅನಿಲದಿಂದಲೇ. ಆದ್ದರಿಂದ ಹುರಿದು ಒಂದು ತಿಂಗಳೊಳಗಿನ ಬೀಜವನ್ನು ಬೇಕಾದಾಗಲೇ ಪುಡಿ ಮಾಡಿಕೊಳ್ಳುವುದು ಒಳ್ಳೆಯದು. ನಮ್ಮ ಫಿಲ್ಟರ್ ಕಾಫಿಯ ಡಿಕಾಕ್ಷನ್‌ಗೆ ಬಣ್ಣ, ಗಟ್ಟಿತನ ಕೊಡುವುದರಲ್ಲಿ ಚಿಕೋರಿಯ ಪಾಲು ದೊಡ್ಡದು. ನಿಯಮದ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಶೇ 49ರವರೆಗೂ ಚಿಕೋರಿ ಇರಬಹುದು. ಪ್ಯಾಕೆಟ್ಟಿನ ಮೇಲೆ ಪ್ರಮಾಣ ಮುದ್ರಿಸಿರಬೇಕು. ಅದನ್ನು ಓದಿ ಕೊಳ್ಳುವವರು ಎಷ್ಟು ಮಂದಿ? ಚಿಕೋರಿಯ ರುಚಿ ಮೆಚ್ಚುವುದು ತಪ್ಪಲ್ಲ. ಆದರೆ ಹಣ ಕೊಟ್ಟದ್ದು ಕಾಫಿಗೋ ಬೇರಿನ ಪುಡಿಗೋ ಎಂಬುದನ್ನು ತಿಳಿದು ಮೆಚ್ಚುವುದು ಲೇಸು.

ಈ ಅರಿವಿನ ಕೊರತೆಗೆ ಇತಿಹಾಸದ ಕಾರಣವೂ ಇದೆ. 1940ರ ದಶಕದಿಂದ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಯಾರ ತೋಟದ ಬೀಜ ಎಂಬ ಗುರುತು ಅಲ್ಲಿ ಅಳಿಸಿಹೋಗುತ್ತಿತ್ತು. ಹಂತಹಂತವಾಗಿ ಸಡಿಲಗೊಂಡ ಈ ವ್ಯವಸ್ಥೆಯಿಂದ 1996ರಲ್ಲಿ ಬೆಳೆಗಾರರಿಗೆ ಪೂರ್ಣ ಬಿಡುಗಡೆ ದೊರೆಯಿತು. ಆದರೂ ದೇಶದ ಕಾಫಿಯ ಹೆಚ್ಚಿನ ಪಾಲು ಹಸಿರು ಬೀಜವಾಗಿ, ಇಲ್ಲವೇ ದಿಢೀರ್ ಕಾಫಿಯಾಗಿ ಹಡಗೇರುತ್ತದೆ. ಪ್ರಮುಖ ಗ್ರಾಹಕ ಇಟಲಿ. ನಮ್ಮ ರೊಬಸ್ಟಾ ಅಲ್ಲಿನ ಎಸ್ಪ್ರೆಸೊ ಮಿಶ್ರಣಗಳಿಗೆ ಕೆನೆ ಮತ್ತು ಕಸುವು ಕೊಡುತ್ತದೆ. ಅಂದರೆ ನಾವು ಪರದೇಶದ್ದೆಂದು ಮೂಗುಮುರಿಯುವ ಬಟ್ಟಲಿನೊಳಗೆ ಕೊಡಗಿನದೋ ಸಕಲೇಶಪುರದ್ದೋ ಬೀಜ ಇರಲು ಸಾಧ್ಯ.

ನಮ್ಮ ಬೆಳೆಗಾರರಲ್ಲಿ ಬಹುಪಾಲು ಜನ ಸಣ್ಣ ಹಿಡುವಳಿದಾರರು. ಮಳೆ ಕೈಕೊಟ್ಟರೂ, ದೂರದ ಮಾರುಕಟ್ಟೆಯಲ್ಲಿ ಬೆಲೆ ಕುಸಿದರೂ ಪೆಟ್ಟು ಬೀಳುವುದು ಅವರಿಗೆ. ಹಣ್ಣನ್ನು ಆಯ್ದು ಕೊಯ್ದು ಎಚ್ಚರದಿಂದ ಒಣಗಿಸಿದ ಶ್ರಮಕ್ಕೆ ಬೆಲೆ ಸಿಗಬೇಕಾದರೆ, ರುಚಿಯ ವ್ಯತ್ಯಾಸ ಬಲ್ಲ ಗ್ರಾಹಕ ಹತ್ತಿರದಲ್ಲಿಯೂ ಇರಬೇಕು. ಇತ್ತೀಚಿನ ವರ್ಷಗಳಲ್ಲಿ ತೋಟದ ಹೆಸರು, ಹುರಿದ ದಿನಾಂಕ ನಮೂದಿಸಿ ಮಾರುವವರು ಬಂದಿದ್ದಾರೆ. ಅವರಿಗೆ ನೆಲೆ ಸಿಗುವುದು ಕೆಫೆಗಳಿಂದಷ್ಟೇ ಅಲ್ಲ, ಮನೆಗಳ ಅಡುಗೆಕಟ್ಟೆಯಿಂದ.

ಫ್ಲ್ಯಾಟ್ ವೈಟ್ ಬಂದರೆ ಸ್ಟೀಲ್ ಫಿಲ್ಟರ್ ಅಟ್ಟ ಸೇರಬೇಕಿಲ್ಲ. ತಾಜಾ ಬೀಜ, ಸರಿಯಾದ ಅಳತೆ, ಕುದಿಸಿ ಕೆಡಿಸದ ಹಾಲು ಎಂಬ ಅದರ ಶಿಸ್ತು ಫಿಲ್ಟರ್ ಕಾಫಿಗೂ ಅಷ್ಟೇ ಒಪ್ಪುತ್ತದೆ. ಮುಂದಿನ ಬಾರಿ ಪುಡಿಯ ಅಂಗಡಿಗೆ ಹೋದಾಗ ಎರಡು ಪ್ರಶ್ನೆ ಕೇಳಿದರೆ ಸಾಕು: ಇದು ಯಾವ ತೋಟದ ಬೀಜ, ಹುರಿದದ್ದು ಯಾವಾಗ?