ಲಂಬಾಣಿ ಕುಣಿತ: ಬಟ್ಟೆ ಎಲ್ಲರೂ ನೋಡ್ತಾರೆ, ಹಾಡು ಕೇಳೋರು ಯಾರು?

ಪಾಪಿನಾಯಕನಹಳ್ಳಿ (ಹೊಸಪೇಟೆ): ಹಂಪಿ ಉತ್ಸವ ಇರಲಿ, ಊರ ಮೆರವಣಿಗೆ ಇರಲಿ, ಕನ್ನಡಿ ಹೊಲಿದ ಲಂಗ ತೊಟ್ಟ ಲಂಬಾಣಿ ಮಹಿಳೆಯರು ಬಂದರೆ ಸಾಕು, ಎಲ್ಲರ ಮೊಬೈಲ್ ಹೊರಗೆ ಬರುತ್ತೆ. ಹೊಸಪೇಟೆ, ಸಂಡೂರು ಕಡೆಯವರಿಗೆ ಇದು ಹೊಸದಲ್ಲ. ಆದರೆ ತಾಂಡಾದೊಳಗೆ ಈ ಕುಣಿತ ಯಾವಾಗ, ಯಾಕೆ ನಡೆಯುತ್ತೆ ಅನ್ನೋದು ಹೊರಗಿನವರಿಗೆ ಗೊತ್ತಿರೋದು ಕಮ್ಮಿ.

ಕುಣಿಯೋದು ಹೇಗೆ?

ಮಹಿಳೆಯರು ದುಂಡಗೆ ನಿಲ್ಲುತ್ತಾರೆ. ಮುಂದಕ್ಕೆ ಬಗ್ಗಿ ಚಪ್ಪಾಳೆ, ಎದ್ದು ಒಂದು ಸುತ್ತು, ಮತ್ತೆ ಚಪ್ಪಾಳೆ. ಒಬ್ಬರು ಹಾಡು ಎತ್ತಿಕೊಟ್ಟರೆ ಉಳಿದವರು ಅದನ್ನೇ ಹಿಡಿದು ಹಾಡುತ್ತಾರೆ. ಜೊತೆಗೆ ನಗಾರಿ, ಕಂಚಿನ ತಟ್ಟೆ. ಲಂಗಕ್ಕೆ ಫೇಟಿಯಾ, ರವಿಕೆಗೆ ಕಾಂಚಳಿ ಅಂತಾರೆ. ಕೈತುಂಬ ಬಳೆ, ಕಾಲ್ಗೆಜ್ಜೆ ಸದ್ದೂ ತಾಳಕ್ಕೆ ಸೇರುತ್ತೆ.

ಯಾವಾಗ ಕುಣೀತಾರೆ?

ಮುಖ್ಯವಾಗಿ ತೀಜ್, ದೀಪಾವಳಿ, ಹೋಳಿ ಹಬ್ಬಕ್ಕೆ. ಶ್ರಾವಣದ ಹೊತ್ತಿಗೆ ಬರುವ ತೀಜ್‌ನಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ಸಣ್ಣ ಬುಟ್ಟಿಗಳಲ್ಲಿ ಗೋಧಿ ಬಿತ್ತಿ, ಒಂಬತ್ತು ದಿನ ನೀರೆರೆದು, ಸುತ್ತಲೂ ಹಾಡಿ ಕುಣೀತಾರೆ. ದೀಪಾವಳಿಗೆ ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ಒಳ್ಳೇದಾಗಲಿ ಅಂತ ಹಾಡ್ತಾರೆ. ಹೋಳಿಗೆ ಲೇಂಗಿ ಹಾಡು.

ಹಾಡಿನಲ್ಲೇ ಇತಿಹಾಸ

ಲಂಬಾಣಿಗರ ಮಾತು ಗೋರ್‌ಬೋಲಿಗೆ ಸ್ವಂತ ಲಿಪಿ ಇಲ್ಲ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತಿದ ಸಮುದಾಯ ಇದು. ರೈಲು ಬಂದ ಮೇಲೆ ಆ ವ್ಯಾಪಾರ ಬಿತ್ತು, ಜನ ತಾಂಡಾಗಳಲ್ಲಿ ನೆಲೆ ನಿಂತರು. ಹಿರಿಯರ ನೆನಪು ಹೆಚ್ಚಾಗಿ ಬಾಯಿಂದ ಬಾಯಿಗೆ, ಹಾಡಿನ ಮೂಲಕವೇ ಬಂದಿದೆ. ಹಾಡು ಹೋದರೆ ಅದರೊಳಗಿನ ಮಾತೂ ಹೋದಂಗೆ.

ಚೀನಾದಲ್ಲಿ ಏನಾಯ್ತು?

ಹುನಾನ್, ಹುಬೈ ಗುಡ್ಡಗಾಡಿನ ತುಜಿಯಾ ಜನರಲ್ಲೂ ಇಂಥದ್ದೇ ಒಂದು ಸಾಮೂಹಿಕ ಕುಣಿತ ಇದೆ. ನಗಾರಿ, ಜಾಗಟೆ ಸದ್ದಿಗೆ ಕೈ ಬೀಸುತ್ತಾ ಬಿತ್ತನೆ, ಬೇಟೆಯ ಕೆಲಸವನ್ನೇ ಆಡಿ ತೋರಿಸ್ತಾರೆ. ಅವರ ಭಾಷೆಗೂ ಸ್ವಂತ ಲಿಪಿ ಇರಲಿಲ್ಲ. 2006ರಲ್ಲಿ ಆ ಕುಣಿತ ಚೀನಾದ ರಾಷ್ಟ್ರೀಯ ಪರಂಪರೆ ಪಟ್ಟಿ ಸೇರಿತು. ಆದರೆ 80 ಲಕ್ಷಕ್ಕೂ ಹೆಚ್ಚಿರುವ ಆ ಜನರಲ್ಲಿ ತುಜಿಯಾ ಭಾಷೆ ಆಡೋರು ಈಗ ಬೆರಳೆಣಿಕೆ ಪಾಲು. ಕುಣಿತ ಉಳೀತು, ಮಾತು ಸೊರಗಿತು.

ನಮ್ಮಲ್ಲಿ?

ಸಂಡೂರು ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆ ವೇಳೆ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯ್ತು. ಬಟ್ಟೆಗೆ ಹೆಸರು ಬಂತು, ಸಂತೋಷ. ಹಾಡಿಗೆ? ಉತ್ಸವದ ಮೆರವಣಿಗೆಯಲ್ಲಿ ಒಂದು ತಂಡ ಕಣ್ಣಿಗೆ ಬೀಳೋದು ಕೆಲವೇ ನಿಮಿಷ. ಡಿಜೆ ಸದ್ದಿದ್ದರೆ ಅದೂ ಕೇಳಲ್ಲ.

ಇದಕ್ಕೆ ದೊಡ್ಡ ಯೋಜನೆಗೇ ಕಾಯಬೇಕಿಲ್ಲ. ತಾಂಡಾದ ಹುಡುಗರ ಕೈಯಲ್ಲೇ ಮೊಬೈಲ್ ಇದೆ. ಮುಂದಿನ ತೀಜ್‌ಗೆ ಕುಣಿತದ ಮೂವತ್ತು ಸೆಕೆಂಡ್ ರೀಲ್ ಜೊತೆಗೆ ಅಜ್ಜಿಯ ಒಂದು ಹಾಡನ್ನು ಪೂರ್ತಿ ರೆಕಾರ್ಡ್ ಮಾಡಿ, ಅರ್ಥ ಕೇಳಿ, ಕನ್ನಡ ಅಕ್ಷರದಲ್ಲಿ ಬರೆದಿಟ್ಟರೂ ಅಷ್ಟರಮಟ್ಟಿಗೆ ಅದು ಉಳಿಯುತ್ತೆ.